ಕಿಟಕಿ ಮುಚ್ಚುವ ಮರ್ಯಾದೆ

ನಮ್ಮೂರಲ್ಲಿ ಕಂತು ಕಟ್ಟದ ಮನೆ ಸಾಲ ಕೊಟ್ಟ ಸೊಸೈಟಿಯ ಕಡೆಗೆ ನಡೆಯುತ್ತದೆ. ಬೇರೆ ಊರುಗಳಲ್ಲಿ ಮನೆಗೆ ನೋಟೀಸು ಬರುತ್ತದಂತೆ. ನಮ್ಮಲ್ಲಿ ಮನೆಯೇ ಎದ್ದು ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಬೆಳಗಿನ ಕಾಫಿ ಹೊತ್ತಿಗೆ ಗೋಡೆಯೊಳಗೆ ಯಾರೋ ಕೆಮ್ಮಿದ ಹಾಗೆ ಸದ್ದಾಗುತ್ತದೆ, ಅಡುಗೆಮನೆಯ ಪಾತ್ರೆಗಳು ಒಂದಕ್ಕೊಂದು ತಾಗುತ್ತವೆ, ಮನೆ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ. ಆಮೇಲೆ ಇಡೀ ದಿನ ಅಲ್ಲಾಡುವುದಿಲ್ಲ. ನಮ್ಮ ರಸ್ತೆಗಳು ಅಷ್ಟು ಅಗಲವಾಗಿರುವುದು ಅದಕ್ಕೇ. ಹಾಲಿನವನು ಹುಡುಕಿಕೊಂಡು ಬರುತ್ತಾನೆ, ನೀರಿಗೆ ಆಯಾ ಬೀದಿಯ ನಲ್ಲಿಗೆ ಹೋಗಬೇಕಾಗುತ್ತದೆ. ಕೊನೆಗೊಂದು ದಿನ ಹೊಸ್ತಿಲು ಸೊಸೈಟಿಯ ಗೇಟು ದಾಟಿತೋ, ಮನೆ ಸೊಸೈಟಿಯದಾಯಿತು. ಹಿಂದಿನ ಬಯಲಲ್ಲಿ ಹರಾಜಿಗೆ ನಿಲ್ಲುತ್ತದೆ.

ಇಂಥ ಮನೆ ಎದುರಿಗೆ ಬಂದಾಗ ಕಿಟಕಿ ಮುಚ್ಚಿಕೊಳ್ಳುವುದು ನಮ್ಮೂರಿನ ಮರ್ಯಾದೆ. ಬರುವ ಮನೆಯವರಿಗೆ ನಾಚಿಕೆಯಾಗಬಾರದಲ್ಲ. ಮಕ್ಕಳಿಗೆ ಚಪ್ಪಲಿ ಬಿಡುವುದನ್ನು ಕಲಿಸುವ ಮೊದಲೇ ಇದನ್ನು ಕಲಿಸುತ್ತೇವೆ. ಪಕ್ಕದ ಊರಿನವರು ಬೇಕಾದರೆ ಹಲ್ಲುಕಿರಿದುಕೊಂಡು ನಿಂತು ನೋಡಲಿ, ನಾವು ಅಂಥವರಲ್ಲ ಅಂತ ನಮಗೆ ಒಂದು ಹೆಮ್ಮೆ. ನನಗೂ ಇತ್ತು. ಎಷ್ಟು ಮನೆಗಳಿಗೆ ನಾನೇ ಓಡಿಹೋಗಿ ಕಿಟಕಿ ಮುಚ್ಚಿಲ್ಲ!

ನಾನು ನಂಜಿ. ಗಂಡನ ಮನೆ ಒಗ್ಗಲಿಲ್ಲ ಅಂತ ತವರಿಗೆ ವಾಪಸು ಬಂದವಳು. ಬಂದ ದಿನ ನಮ್ಮಣ್ಣ ಮರಿಸಿದ್ದಯ್ಯ ಬಾಗಿಲು ತೆಗೆದ, ಅತ್ತಿಗೆ ಚನ್ನಾಜಮ್ಮ ತಟ್ಟೆ ಹಾಕಿದಳು. ಯಾಕೆ ಬಂದೆ ಅಂತ ಇವತ್ತಿನವರೆಗೂ ಆಕೆ ಕೇಳಿಲ್ಲ. ಬೈಯುವುದು ಮಾತ್ರ ದಿನಾ ಬೈಯುತ್ತಾಳೆ, ಅದು ಬೇರೆ ವಿಷಯ. ಇಷ್ಟಗಲ ಹಣೆಗೆ ಇಷ್ಟಗಲ ಕುಂಕುಮ, ಮೂಗಿನ ತುದಿಯಲ್ಲೇ ಕೋಪ. ನಾನು ಈಗ ಹೇಳುತ್ತಿರುವುದು ಅವಳ ಕಥೆ. ನಮ್ಮ ಅತ್ತಿಗೆ ಅಂತ ಹೇಳಿಕೊಳ್ಳುವಾಗ ನನಗೆ ಎದೆ ಒಂದು ಚೂರು ಉಬ್ಬುತ್ತದೆ, ಉಬ್ಬಲಿ ಬಿಡಿ.

ನಮ್ಮಣ್ಣ ಗಾರೆ ಮೇಸ್ತ್ರಿ. ಕೆಂಪು ಗಾರೆಯ ನೆಲ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೆಂಪು ಪುಡಿ, ಸಿಮೆಂಟು ಕಲಸಿ ಹರಡಿ, ಅದು ಇನ್ನೂ ಹಸಿಯಿರುವಾಗಲೇ ಮೊಣಕಾಲೂರಿ ಕೂತು ಹೊಳೆಯ ಗುಂಡುಕಲ್ಲಿನಿಂದ ಉಜ್ಜುತ್ತ ಹೋಗುತ್ತಿದ್ದ. ನಮ್ಮ ಮನೆಯ ನಡುಮನೆಗೆ ಹಾಕಿದ ನೆಲ ಅವನ ಕೈಯ ಅತ್ಯುತ್ತಮ ಕೆಲಸ. ಬೇಸಿಗೆಯಲ್ಲಿ ಬರೀ ನೆಲದ ಮೇಲೆ ಮಲಗಿದರೆ ತಂಪು, ಬಗ್ಗಿ ನೋಡಿದರೆ ನಮ್ಮ ಮುಖ. ಕೆಲಸ ಕೈತುಂಬ ಇದ್ದ ಕಾಲದಲ್ಲಿ ಸೊಸೈಟಿಯಿಂದ ಸಾಲ ತೆಗೆದು ಮೇಲೊಂದು ಮಹಡಿ ಎಬ್ಬಿಸಿದ. ಅಷ್ಟರಲ್ಲಿ ಊರಿಗೆ ಟೈಲ್ಸ್ ಬಂತು. ಕರೆಯುವವರು ಕರೆಯುವುದನ್ನು ನಿಲ್ಲಿಸಿದರು, ಕಂತು ನಿಂತಿತು, ಒಂದು ಬೆಳಿಗ್ಗೆ ಗೋಡೆ ಕೆಮ್ಮಿತು.

ಅತ್ತಿಗೆಯ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. "ಏನ್ರೀ ಅದು?" ಅಂದಳು, ಗೊತ್ತಿದ್ದೂ.

"ಮಾನ ಹೋಯ್ತು ಕಣೇ," ಅಂದ ಅಣ್ಣ. ಎದ್ದು ಹೋಗಿ ಪರದೆಗಳನ್ನೆಲ್ಲ ಎಳೆದ. ಪರದೆ ಇಲ್ಲದ ಕಿಟಕಿಗೆ ಅತ್ತಿಗೆಯ ಹಳೇ ಸೀರೆ ಕಟ್ಟಿದ. ಹೊರಗೆ ಬೀದಿಯ ಉದ್ದಕ್ಕೂ ಕಿಟಕಿಗಳು ಟಪ್ ಟಪ್ ಅಂತ ಮುಚ್ಚಿಕೊಳ್ಳುತ್ತ ಹೋದದ್ದು ಕೇಳಿಸಿತು. ಅದರಲ್ಲಿ ಪಕ್ಕದ ಮನೆಯ ದ್ಯಾವೀರಮ್ಮನ ಕಿಟಕಿಯೂ ಇತ್ತು. ಕಾಫಿಪುಡಿ, ಕರಿಬೇವು, ಗಂಡನ ಮೇಲಿನ ದೂರು ಎಲ್ಲ ನಮ್ಮ ಮನೆಗೆ ಬರುತ್ತಿದ್ದುದು ಅದೇ ಕಿಟಕಿಯಿಂದ. ಪಾಪ, ಅವಳು ಮರ್ಯಾದೆಯನ್ನೇ ಮಾಡಿದ್ದು.

ನಾವು ಕತ್ತಲಲ್ಲಿ ಕೂತು ಬೀದಿಯಿಂದ ಬೀದಿಗೆ ಹೋಗತೊಡಗಿದೆವು. ಯಾರ ಮುಖವೂ ಕಾಣದು. ನಾವು ರಸ್ತೆಗೆ ಇಳಿದರೆ ಜನ ಇನ್ನೊಂದು ಬದಿಗೆ ತಿರುಗಿ ಚಪ್ಪಲಿ ಸರಿ ಮಾಡಿಕೊಳ್ಳುತ್ತಿದ್ದರು. ಅತ್ತಿಗೆ ಅದನ್ನೆಲ್ಲ ಸಹಿಸಿಕೊಂಡಳು. ಅವಳಿಗೆ ತಡೆಯಲಾಗದೆ ಹೋದದ್ದು ಒಂದು ಕೊಡ ನೀರು. ಹೊಸ ಬೀದಿಯ ನಲ್ಲಿಗೆ ನಾವಿಬ್ಬರೂ ಹೋದಾಗ ಅಲ್ಲಿದ್ದ ಹೆಂಗಸರು ಸದ್ದಿಲ್ಲದೆ ಕರಗಿಹೋಗಿದ್ದರು. ನಮಗಾಗಿ ಒಂದು ಕೊಡ ತುಂಬಿಸಿ, ಬಾಯಿಗೆ ಎಲೆ ಮುಚ್ಚಿ, ಕಟ್ಟೆಯ ಮೇಲೆ ಇಟ್ಟಿದ್ದರು. ನನಗೆ ಕಣ್ಣು ತುಂಬಿ ಬಂತು, ಎಂಥ ಒಳ್ಳೇ ಜನ ಅಂತ. ಅತ್ತಿಗೆ ಆ ಕೊಡವನ್ನೇ ದಿಟ್ಟಿಸಿದಳು.

"ನಾನೇನು ಸತ್ತಿದ್ದೀನೇನೇ ನಂಜೀ? ತಿಥಿಗೆ ಎಡೆ ಇಟ್ಟಂಗೆ ಇಟ್ಟು ಹೋಗವ್ರಲ್ಲ! ಕಾಗೆ ಮುಟ್ತಾ ಅಂತ ಎಲ್ಲಾದ್ರೂ ನಿಂತು ನೋಡ್ತಾವ್ರಾ?" ಅಂದವಳೇ ಕೊಡ ಬಗ್ಗಿಸಿ ನೀರೆಲ್ಲ ಕಟ್ಟೆಯ ಮೇಲೆ ಸುರಿದಳು. ಆಮೇಲೆ ಅದೇ ಕೊಡವನ್ನು ನಲ್ಲಿಗೆ ಹಿಡಿದು ತನ್ನ ಕೈಯಾರೆ ತುಂಬಿಸಿಕೊಂಡಳು. ನನಗೆ ನಗು ಬಂತು, ಆದರೆ ನಕ್ಕರೆ ಬೆನ್ನಿಗೆ ಬೀಳುವುದು ಗೊತ್ತಿದ್ದರಿಂದ ಸುಮ್ಮನಿದ್ದೆ.

ಮನೆಗೆ ಬಂದವಳು ಪರದೆಗಳನ್ನೆಲ್ಲ ಕಿತ್ತಳು. ಸೀರೆ ಬಿಚ್ಚಿ ಮಡಿಸಿಟ್ಟಳು. ನೆಲ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಬಟ್ಟೆಯಿಂದ ಮೂಲೆಮೂಲೆ ತಿಕ್ಕಿ, ಮುಂಬಾಗಿಲ ಎರಡೂ ರೆಕ್ಕೆ ಹಾರುಹೊಡೆದಳು. ಅಣ್ಣ ಗಾಬರಿಯಾಗಿ, "ಏನ್ಮಾಡ್ತಿದ್ದೀಯ ಮಾರಾಯ್ತಿ, ಊರೆಲ್ಲ ನೋಡ್ತದೆ," ಅಂದ.

"ನೋಡ್ಲಿ. ಸಾಲ ಮಾಡಿದ್ದೀವಿ, ಕಳ್ತನ ಮಾಡಿಲ್ಲ. ಇಂಥಾ ನೆಲ ಇಟ್ಕೊಂಡು ಮುಚ್ಕೊಂಡು ಕೂತ್ಕೊಳ್ಳೋಕೆ ನನಗೇನು ಬಂದಿದೆ ರೋಗ?"

ಮಾರನೆಯ ದಿನ ಮನೆ ಹೆಜ್ಜೆ ಇಟ್ಟಿತು, ಎದುರಿನ ಕಿಟಕಿ ಮುಚ್ಚಿತು. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಆ ಕಿಟಕಿಯನ್ನು ತಟ್ಟಿದಳು. "ಒಳಗೆ ಯಾರ್ರೀ? ಕಿಟಕಿ ತೆಗೀರಿ. ನಮ್ಮನೆ ಹೋಗ್ತಾ ಇದೆ, ನೋಡಿ. ನೋಡೋಕೇನೂ ದುಡ್ಡಿಲ್ಲ." ನಾನು ನಾಚಿಕೆಯಿಂದ ಕಂಬದ ಹಿಂದೆ ನಿಂತೆ. ಹೆಣ್ಣುಮಗಳೊಬ್ಬಳು ನಮ್ಮೂರಲ್ಲಿ ಅಂಥ ಮಾತು ಆಡಿದ್ದು ಅದೇ ಮೊದಲು.

ತೆಗೆದವರು ಟೈಲರ್ ಖಲೀಲ್ ಸಾಬರು. ಕೊರಳಲ್ಲಿ ಅಳತೆಯ ಟೇಪು, ಮುಖದಲ್ಲಿ ಗಾಬರಿ. "ಯಾಕಮ್ಮಾ ಹಿಂಗೆ? ನಮಗೂ ಮರ್ಯಾದೆ ಗೊತ್ತಿದೆ, ಅದಕ್ಕೇ ಮುಚ್ಚಿದ್ದು," ಅನ್ನುತ್ತಿದ್ದವರು ನಮ್ಮ ತೆರೆದ ಬಾಗಿಲಿನ ಕಡೆ ನೋಡಿ ಮಾತು ಮರೆತರು. "ಯಾ ಅಲ್ಲಾ. ಅದು ನೆಲಾನಾ, ಕನ್ನಡೀನಾ?"

"ಬನ್ನಿ, ಕಾಲಿಟ್ಟು ನೋಡಿ," ಅಂದಳು ಅತ್ತಿಗೆ.

ಅವರು ಚಪ್ಪಲಿ ಬಿಟ್ಟು ಬಂದು ನಡುಮನೆಯಲ್ಲಿ ನಿಂತರು. ಒಳಕೋಣೆಯಲ್ಲಿ ಅಡಗಿದ್ದ ಅಣ್ಣನನ್ನು ಅತ್ತಿಗೆ ಎಳೆದು ತಂದು ನಿಲ್ಲಿಸಿದಳು. ಕಾಫಿ ಆಯಿತು. ಲೋಟ ಕೆಳಗಿಟ್ಟ ಮೇಲೆ ಸಾಬರು ಸುತ್ತ ಒಂದು ಸಲ ನೋಡಿ, ದನಿ ತಗ್ಗಿಸಿ, "ನಮ್ಮನೇನೂ ಒಂದ್ಸಲ ಹೊರಟಿತ್ತಮ್ಮ. ಪಂಪ್‌ಹೌಸ್‌ವರೆಗೂ ಹೋಗಿ ಬಂತು," ಅಂದರು.

ಹೋದ ಮನೆ ವಾಪಸು ಬರುತ್ತದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಎಲ್ಲರೂ ಕಿಟಕಿ ಮುಚ್ಚಿಕೊಂಡಿದ್ದೆವಲ್ಲ!

"ಹೆಂಗೆ ಬಂತು?" ಅಂದಳು ಅತ್ತಿಗೆ.

"ಅರ್ಧ ಮನೆ ಬಾಡಿಗೆಗೆ ಕೊಟ್ಟೆ. ಬಾಡಿಗೆ ದುಡ್ಡು ನೇರ ಸಾಲಕ್ಕೆ."

"ನಡೆಯೋ ಮನೇಗೆ ಯಾರು ಬರ್ತಾರೆ ಸಾಬ್ರೇ?"

"ಬರ್ತಾರೆ ತಾಯಿ. ಆ ಕಡೆ ಆಫೀಸು ಇರೋರು ಬರ್ತಾರೆ. ಅವರಿಗೆ ದಿನದಿಂದ ದಿನಕ್ಕೆ ಹತ್ತಿರ ಆಗ್ತದಲ್ಲ!"

ಅಣ್ಣ ನಕ್ಕ. ಮನೆ ಎದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಸಾಬರು ಹೇಳಿದ್ದು ಸುಳ್ಳಾಗಲಿಲ್ಲ, ಅಂಚೆ ಕಚೇರಿಯ ಗುಮಾಸ್ತರೊಬ್ಬರು ಮಹಡಿಗೆ ಬಂದರು. ಬಾಡಿಗೆಯಿಂದ ಕಂತಿನ ಒಂದು ಪಾಲು ಹುಟ್ಟಿತೇ ಹೊರತು ಪೂರಾ ಕಂತಲ್ಲ, ಬಾಕಿಯಂತೂ ಇದ್ದೇ ಇತ್ತು. ಮನೆಯ ನಡಿಗೆ ಸ್ವಲ್ಪ ನಿಧಾನವಾಯಿತು, ಹೆಜ್ಜೆಯ ಬದಲು ಅಂಗಾಲಿನಷ್ಟು ಸರಿಯತೊಡಗಿತು.

ಆಮೇಲೆ ಪ್ರತಿ ಬೀದಿಯಲ್ಲೂ ಅತ್ತಿಗೆ ಕಿಟಕಿ ತಟ್ಟಿದಳು. ಕೆಲವರು ಬೈದರು. ಒಬ್ಬಾಕೆ, "ನಿನಗೆ ನಾಚಿಕೆ ಇಲ್ದಿದ್ರೆ ನಮಗಾದ್ರೂ ಇರಬೇಡ್ವಾ?" ಅಂತ ಒಳಗಿನಿಂದಲೇ ಕೂಗಿದಳು. ಆದರೆ ತೆಗೆದವರೆಲ್ಲ ನೆಲ ನೋಡಲು ಬಂದರು, ಬಂದವರು ಕೂತರು, ಕೂತವರು ಬಾಯಿ ಬಿಟ್ಟರು. ಮೇಷ್ಟರಮ್ಮ ಸುಮಿತ್ರಾಬಾಯಿ ಹಿತ್ತಲು ಮಾರಿ ಮನೆ ಉಳಿಸಿಕೊಂಡವರಂತೆ. ಅವರ ತಂಗಿಯ ಸಂಸಾರವಂತೂ ಮನೆ ದಾರಿಯಲ್ಲಿದ್ದಾಗಲೇ ತಾವೇ ಗಿರಾಕಿ ಹುಡುಕಿ ಮಾರಿ, ಸಾಲ ತೀರಿಸಿ, ಉಳಿದದ್ದರಲ್ಲಿ ಚಿಕ್ಕದೊಂದು ಕೊಂಡರಂತೆ. "ಸೊಸೈಟಿ ಹರಾಜು ಕೂಗಿದ್ರೆ ಸಿಕ್ಕಿದ್ದಕ್ಕೆ ಹೋಗ್ತದೆ. ನಾವೇ ಮಾರಿದ್ರೆ ನಮ್ಮ ಬೆಲೆ ನಾವು ಹೇಳಬಹುದು ನೋಡಿ," ಅಂದರು ಸುಮಿತ್ರಾಬಾಯಿ. ಇನ್ನೊಬ್ಬ ಅಜ್ಜಯ್ಯ ತಾನಾಗಿ ಹೋಗಿ ಬೀಗದ ಕೈ ಕೊಟ್ಟು ಬಂದವನು. ಸಾಲವೂ ಹೋಯಿತು, ಮನೆಯೂ ಹೋಯಿತು, ನಿದ್ದೆ ಮಾತ್ರ ವಾಪಸು ಬಂತು ಅಂದ.

ಮಾರುವ ಮಾತು ಅತ್ತಿಗೆಯ ತಲೆಯಲ್ಲಿ ಕೂತಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಗಿರಾಕಿಯೊಬ್ಬರು ಬಂದರು, ಕಾರಿನಲ್ಲಿ. ಗೋಡೆ ತಟ್ಟಿ ನೋಡಿದರು, ಮಹಡಿ ಹತ್ತಿ ಇಳಿದರು, ಒಳ್ಳೆಯ ಬೆಲೆಯನ್ನೇ ಹೇಳಿದರು. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಈ ನೆಲ ಒಂದು ಕಿತ್ತು ಹಾಕಿ ಟೈಲ್ಸ್ ಹಾಕಿಸಿದ್ರೆ ಮನೆಗೆ ಕಳೆ ಬರ್ತದೆ," ಅಂದರು.

ನಾನು ಅಣ್ಣನ ಮುಖ ನೋಡಿದೆ. ಅಣ್ಣ ಜನ್ಮದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಕೂಲಿ ಕಡಿಮೆ ಕೊಟ್ಟರೂ ಎಣಿಸದೆ ಜೇಬಿಗಿಡುವವನು. "ಕೊಡಲ್ಲ," ಅಂದ. ಗಿರಾಕಿಗೆ ಕೇಳಿಸಲಿಲ್ಲವೇನೋ ಅಂತ ಎದ್ದು ನಿಂತು ಇನ್ನೊಂದು ಸಲ ಅಂದ, "ಕೊಡಲ್ಲ ಸ್ವಾಮಿ. ಹೋಗ್ಬನ್ನಿ." ಅವರು ಹೋದ ಮೇಲೆ ಅತ್ತಿಗೆ ಬೈಯುತ್ತಾಳೆ ಅಂತ ಕಾದೆ. ಅವಳು ಒಳಗೆ ಹೋಗಿ ಗಂಡನಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು, ಒಗ್ಗರಣೆ ಹಾಕಿ. ನನಗೂ ಕೊಡು ಅಂದರೆ, "ನೀನೇನು ಮಾಡ್ದೆ?" ಅಂದಳು.

ಹೀಗೆ ಮಾತಾಡುತ್ತ, ಕಾಫಿ ಕುಡಿಸುತ್ತ, ನಾವು ಸೊಸೈಟಿಯ ಬೀದಿಗೆ ಬಂದೇಬಿಟ್ಟೆವು. ಸುಮಿತ್ರಾಬಾಯಿಗೆ ಅವರ ಅಜ್ಜಿ ಹೇಳಿದ ಇನ್ನೊಂದು ಮಾತು ನೆನಪಿತ್ತು. ಸಾಲದ ಗಡುವು ಬೆಳೆಸಿ ಕಂತು ಚಿಕ್ಕದು ಮಾಡಿ ಅಂತ ಹಿಂದೆ ಯಾರೋ ಕೇಳಿದ್ದರಂತೆ, ಮಾಡಿಕೊಟ್ಟಿದ್ದರಂತೆ. ಆದರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅನ್ನುವುದು ಯಾರಿಗೂ ತಿಳಿಯದು. ನಾವು ಬರುವುದು ಕಂಡ ಕೂಡಲೆ ಸೊಸೈಟಿಯ ಕಿಟಕಿಗಳೂ ಮುಚ್ಚಿದ್ದವು, ಬಾಗಿಲಿಗೆ ಒಳಗಿನಿಂದ ಅಗುಳಿ. ಗೇಟು ನಮ್ಮ ಹೊಸ್ತಿಲಿನಿಂದ ಅಂಗಾಲಿನಷ್ಟು ದೂರ. ಮಾರನೆಯ ಬೆಳಿಗ್ಗೆ ಗೋಡೆ ಕೆಮ್ಮಿದರೆ ಮುಗಿಯಿತು.

ಅಣ್ಣ ನಡುಮನೆಯಲ್ಲಿ ಕೂತು ನೆಲದ ಮೇಲೆ ಅಂಗೈ ಇಟ್ಟುಕೊಂಡಿದ್ದ, ಮಗುವಿಗೆ ಜ್ವರ ನೋಡುವವರ ಹಾಗೆ. ಅತ್ತಿಗೆ ಅದನ್ನು ನೋಡಿದಳು. ಅವನ ಸಾಮಾನಿನ ಚೀಲದಿಂದ ಗುಂಡುಕಲ್ಲು ತೆಗೆದುಕೊಂಡು ಗೇಟು ತಳ್ಳಿ ಒಳಗೆ ನಡೆದಳು. ಹಿಂದೆಯೇ ನಾನು. ಸೆಕ್ರೆಟರಿ ಕೂರುವ ಕೋಣೆಯ ಕಿಟಕಿಗೆ ಆ ಕಲ್ಲಿನಿಂದ ಬಡಿದಳು ನೋಡಿ, ಬೀದಿಗೆ ಬೀದಿಯೇ ಅದುರಿತು.

"ತೆಗೀತೀರೋ, ಬಾಗಿಲು ಒಡೀಲೋ?"

ಕಿಟಕಿ ತೆರೆಯಿತು. ಸೆಕ್ರೆಟರಿ ಬೋರಲಿಂಗಯ್ಯನವರು ಕತ್ತಲಲ್ಲಿ ಒಬ್ಬರೇ ಕೂತಿದ್ದರು. ನಾನು ಏನೋ ದೊಡ್ಡ ಮೀಸೆಯ, ಕೆಂಪು ಕಣ್ಣಿನ ಮನುಷ್ಯನನ್ನು ಊಹಿಸಿಕೊಂಡಿದ್ದೆ. ಇವರು ಸಣಕಲು ಮನುಷ್ಯ, ಕನ್ನಡಕದ ಕಡ್ಡಿಗೆ ದಾರ ಸುತ್ತಿತ್ತು.

"ಗಡುವು ಬೆಳೆಸ್ಬೇಕು. ಕಂತು ಚಿಕ್ಕದು ಮಾಡ್ಬೇಕು. ಕಟ್ತೀವಿ, ತಪ್ಪಿಸೋ ಜನ ಅಲ್ಲ. ಆಗ್ತದೋ ಇಲ್ವೋ ಹೇಳಿ," ಅಂದಳು ಅತ್ತಿಗೆ.

"ಆಗ್ತದಮ್ಮ," ಅಂದರು. "ಹೊಸ್ತಿಲು ಗೇಟು ದಾಟೋಕೆ ಮುಂಚೆ ಯಾರು ಬಂದು ಕೇಳಿದ್ರೂ ಮಾಡ್ಕೊಡ್ಬೇಕು ಅಂತಾನೇ ನಿಯಮ ಇದೆ. ಮೊದಲಿಂದಾನೂ ಇದೆ. ನಾನು ಈ ಕುರ್ಚೀಲಿ ಕೂತಾಗಿನಿಂದ ಒಬ್ರೂ ಕೇಳಿಲ್ಲ."

ನಮಗೆ ಬದುಕಿದೆವು ಅನ್ನಿಸಬೇಕಿತ್ತು. ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. "ಒಬ್ರೂ ಕೇಳಿಲ್ವಾ! ನಮ್ಮ ಬೀದಿ ಪುಟ್ಟಲಿಂಗಮ್ಮ ನಿಮ್ಮ ಈ ಗೇಟಿನ ಮುಂದೆ ಇಡೀ ದಿನ ಕೂತಿದ್ಲಂತೆ. ಅವಳ ಮನೆ ಹರಾಜಾಯ್ತು. ನೀವು ಒಳಗೇ ಇದ್ರಾ?"

"ಇದ್ದೆ."

"ಮತ್ತೆ ಕಿಟಕಿ ಯಾಕೆ ತೆಗೀಲಿಲ್ಲ?"

"ನೋಡಿದ್ರೆ ಆಕೆಗೆ ನಾಚಿಕೆ ಆಗ್ತದಲ್ಲ ಅಂತ," ಅಂದರು ಬೋರಲಿಂಗಯ್ಯನವರು. ದನಿ ಸಣ್ಣಗಾಗಿತ್ತು. "ಮರ್ಯಾದೆ ಅಲ್ವೇನಮ್ಮ."

ಅತ್ತಿಗೆ ಕಲ್ಲನ್ನು ಕಿಟಕಿಯ ಚೌಕಟ್ಟಿನ ಮೇಲೆ ಮೆಲ್ಲಗೆ ಇಟ್ಟು, "ಅರ್ಜಿ ಬರ್ಕೊಳ್ಳಿ ಸ್ವಾಮಿ," ಅಂದಳು.

ಮಾರನೆಯ ಬೆಳಿಗ್ಗೆ ಕಾಫಿ ಹೊತ್ತಿಗೆ ನಾವು ಮೂವರೂ ಗೋಡೆಗೆ ಕಿವಿಗೊಟ್ಟು ಕೂತೆವು. ಗೋಡೆ ಕೆಮ್ಮಲಿಲ್ಲ. ಮೊದಲ ಚಿಕ್ಕ ಕಂತು ಕಟ್ಟಿ ಬಂದ ದಿನ ಮನೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು. ಹೋಗುವಾಗ ದಿನಕ್ಕೊಂದು ಹೆಜ್ಜೆ, ಬರುವಾಗ ಕಂತಿಗೊಂದು ಹೆಜ್ಜೆ. ಹಳೇ ಜಾಗ ಮುಟ್ಟುವುದು ಯಾವ ಕಾಲಕ್ಕೋ ದೇವರೇ ಬಲ್ಲ. ನೆಲ ನೋಡಿದ್ದವರಲ್ಲಿ ಕೆಲವರು ಅಣ್ಣನನ್ನು ಕೆಲಸಕ್ಕೆ ಕರೆದರು. ಮಹಡಿಯ ಗುಮಾಸ್ತರು ಮಾತ್ರ ನಾವು ಕಂತು ಕಟ್ಟಿದಾಗೆಲ್ಲ, "ಆಫೀಸು ಮತ್ತೆ ದೂರ ಆಯ್ತಲ್ರೀ," ಅಂತ ಮುಖ ಊದಿಸುತ್ತಾರೆ.

ಹೀಗಾಗಿ ನಾವು ಈಗಲೂ ಸೊಸೈಟಿಯ ಬೀದಿಯಲ್ಲೇ ಇದ್ದೇವೆ. ಗೇಟಿಗೆ ಹೋಗುವ ಪ್ರತಿ ಮನೆಯೂ ನಮ್ಮ ಮುಂದೆಯೇ ಹಾಯಬೇಕು. ಹಾಯಲು ಅತ್ತಿಗೆ ಬಿಡಬೇಕಲ್ಲ! ಗುಂಡುಕಲ್ಲು ಹಿಡಿದು ಹೋಗುತ್ತಾಳೆ, ಕಿಟಕಿ ತೆಗೆಸುತ್ತಾಳೆ, ಎಳೆದುಕೊಂಡು ಬಂದು ನೆಲದ ಮೇಲೆ ಕೂರಿಸುತ್ತಾಳೆ. ಬಾಡಿಗೆಗೆ ಕೊಡಬಹುದೋ, ಒಂದು ಪಾಲು ಮಾರಬಹುದೋ, ಪೂರಾ ಮಾರಿ ತಲೆಯೆತ್ತಿಕೊಂಡು ಹೋಗುವುದೇ ಮೇಲೋ, ಗಡುವು ಕೇಳುವುದೋ ಅಂತ ಅವರವರ ಪಾಡು ಕೇಳಿ ಹೇಳುತ್ತಾಳೆ. ಎಲ್ಲ ಮನೆಗಳೂ ಉಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಕೇಳದೆ ಹೋದ ಮನೆ ಒಂದೂ ಇಲ್ಲ.

ಮೊನ್ನೆ ಒಂದು ಬೆಳಿಗ್ಗೆ ಹಸಿರು ಬಾಗಿಲಿನ ಮನೆಯೊಂದು ನಮ್ಮ ಎದುರಿಗೆ ಬಂದು ನಿಂತಿತು. ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು. ಬಾಗಿಲ ಮೇಲಿನ ಹೆಸರು ಓದಿ ನನ್ನ ಕೈ ತಾನಾಗಿ ನಮ್ಮ ಕಿಟಕಿಗೆ ಹೋಯಿತು, ಮುಚ್ಚಲಿಕ್ಕೆ. ಹಳೇ ಚಾಳಿ ಬಿಡುತ್ತದೆಯೇ? ಅತ್ತಿಗೆ ನನ್ನ ಕೈ ಮೇಲೆ ಒಂದು ಕೊಟ್ಟು ಕಲ್ಲು ತೆಗೆದುಕೊಂಡಳು.

ಅದು ಬೋರಲಿಂಗಯ್ಯನವರ ಮನೆ. ಎಷ್ಟು ತಟ್ಟಿದರೂ ತೆಗೆಯಲಿಲ್ಲ. ಕೊನೆಗೆ ಅವರ ಹೆಂಡತಿಯೇ ಅಗುಳಿ ಸರಿಸಿದರು. ಮಗಳ ಆಪರೇಷನ್ನಿಗೆ ಸಾಲ ಮಾಡಿದ್ದರಂತೆ. ಬೋರಲಿಂಗಯ್ಯನವರು ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಊರಿಗೆಲ್ಲ ಗಡುವು ಕೊಡೋರು, ನೀವು ಕೇಳೋದಲ್ವಾ?" ಅಂದಳು ಅತ್ತಿಗೆ.

"ಯಾರನ್ನ ಕೇಳ್ಲಮ್ಮ? ಕೇಳಿಸ್ಕೊಳ್ಳೋನೇ ನಾನು."

ಅತ್ತಿಗೆ ಬಾಗಿಲ ಕಡೆ ಕೈ ತೋರಿಸಿದಳು. "ಹಂಗಾದ್ರೆ ಎದ್ದೇಳಿ. ಹೋಗಿ ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ."

ಅವರು ಹೋಗಿ ಕೂತರು. ಅಷ್ಟರಲ್ಲಿ ಸುದ್ದಿ ಕೇಳಿ ಹಿಂದಿನ ಬೀದಿಗಳವರೂ ಸೇರಿದ್ದರು. ಸಾಬರು, ಸುಮಿತ್ರಾಬಾಯಿ, ನಮ್ಮಣ್ಣ ಕೆಂಪು ಪುಡಿಯ ಕೈಯಲ್ಲೇ. ಅತ್ತಿಗೆ ಸೊಸೈಟಿಯ ಕಿಟಕಿಯ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, ಅವರನ್ನು ಈ ಮೊದಲು ಕಂಡೇ ಇಲ್ಲದವಳ ಹಾಗೆ ಶುರುಮಾಡಿದಳು. "ಸ್ವಾಮೀ, ನಮ್ಮ ಬೀದೀಲಿ ಬೋರಲಿಂಗಯ್ಯ ಅಂತ ಒಬ್ರಿದ್ದಾರೆ. ಮಾನವಂತರು. ಮಗಳಿಗೋಸ್ಕರ ಸಾಲ ಮಾಡವ್ರೆ, ಕಟ್ಟೋಕೆ ಮನಸ್ಸಿದೆ, ಕೈ ಸಾಲದು. ಅವರ ಬಾಯಲ್ಲಿ ಕೇಳೋಕೆ ಆಗ್ತಿಲ್ಲ. ಅವರ ಪರವಾಗಿ ನಾವೆಲ್ಲ ಬಂದು ಕೇಳ್ತಾ ಇದ್ದೀವಿ. ನಿಯಮ ಎಲ್ರಿಗೂ ಒಂದೇ ತಾನೆ? ಗಡುವು ಬೆಳೆಸಿಕೊಡಿ."

ಬೋರಲಿಂಗಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮೆಲ್ಲರ ಮುಂದೆ, ಹಗಲು ಬೆಳಕಿನಲ್ಲಿ, ತೆರೆದ ಕಿಟಕಿಯಲ್ಲಿ ಅತ್ತರು. ಯಾರೂ ಮುಖ ತಿರುಗಿಸಲಿಲ್ಲ, ನಾನೂ ತಿರುಗಿಸಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, "ಆಗ್ಲಮ್ಮ. ಅವರಿಗೆ ಹೇಳಿ, ಹೆದರ್ಕೋಬೇಡಿ ಅಂತ," ಅಂದರು.

ಮಾರನೆಯ ಬೆಳಿಗ್ಗೆ ನಾನು ನಮ್ಮ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಎದುರಿನ ಹಸಿರು ಬಾಗಿಲಿನ ಮನೆ ಅಲ್ಲೇ ನಿಂತಿತ್ತು. ಅದರ ಕಿಟಕಿ ತೆರೆದು ಬೋರಲಿಂಗಯ್ಯನವರ ಹೆಂಡತಿ ಕೈ ಚಾಚಿ, ಕಾಫಿಪುಡಿ ಇದೆಯಾ ನಂಜಮ್ಮ ಅಂತ ಕೇಳಿದರು.